ಡ್ರಮ್ ಖಾಲಿ, ಫಿಲ್ಟರ್ ಭರ್ತಿ: ಮನೆಯ ಮರಗೆಲಸದ ಸೈಕ್ಲೋನ್ ಕೈಕೊಟ್ಟಾಗ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ನಮ್ಮ ಮನೆಯ ಹಿಂದೆ ಒಂದು ಹಳೇ ಕೊಟ್ಟಿಗೆ ಇದೆ. ನನ್ನ ಮರಗೆಲಸ ನಡೆಯುವುದು ಅಲ್ಲೇ. ಒಂದು ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ), ಒಂದು ಥಿಕ್ನೆಸರ್ (ಹಲಗೆಯನ್ನು ಒಂದೇ ದಪ್ಪಕ್ಕೆ ಕೆತ್ತುವ ಯಂತ್ರ), ಮರದ ಅಂಚು ಕೊರೆಯುವ ರೌಟರ್, ಉಜ್ಜಿ ನುಣುಪು ಮಾಡುವ ಸ್ಯಾಂಡರ್. ಹೊಟ್ಟು ಹಿಡಿಯಲು ಎರಡು ಸೈಕ್ಲೋನ್ ಇಟ್ಟುಕೊಂಡಿದ್ದೇನೆ. ಸೈಕ್ಲೋನ್ ಅಂದರೆ ಗಾಳಿಯಿಂದ ಹೊಟ್ಟನ್ನು ಬೇರ್ಪಡಿಸಿ ಕೆಳಗಿನ ಡ್ರಮ್ಮಿಗೆ ಬೀಳಿಸುವ, ಆಲಿಕೆಯಂಥ ಕೋನ್. ಚಿಕ್ಕದು ವ್ಯಾಕ್ಯೂಮ್ ಕ್ಲೀನರ್ ಜೊತೆಗೆ, ದೊಡ್ಡದು 2 ಎಚ್‌ಪಿ ಬ್ಲೋವರ್ (ಗಾಳಿ ಎಳೆಯುವ ದೊಡ್ಡ ಫ್ಯಾನ್) ಜೊತೆಗೆ. ಎರಡೂ ಒಂದಲ್ಲ ಒಂದು ಸಲ ಕೈಕೊಟ್ಟಿವೆ. ಹಾಗೆ ಕೈಕೊಟ್ಟಾಗಲೆಲ್ಲ ನನಗೆ ಮೊದಲು ಹೊಳೆದದ್ದು "ಇನ್ನೂ ದೊಡ್ಡ ಮೋಟಾರ್ ತರಬೇಕು" ಎಂದೇ. ಒಂದೇ ಒಂದು ಸಲವೂ ಅದು ಸರಿಯಾದ ಉತ್ತರ ಆಗಿರಲಿಲ್ಲ.

ಸೈಕ್ಲೋನ್ ಒಳಗೆ ಓಡುವ ಯಂತ್ರ ಏನೂ ಇಲ್ಲ. ಗಾಳಿ ಪಕ್ಕದ ಬಾಯಿಂದ ಓರೆಯಾಗಿ ನುಗ್ಗಿ, ಗೋಡೆಗೆ ಅಂಟಿಕೊಂಡು ಸುತ್ತುತ್ತಾ ಕೆಳಗಿಳಿಯುತ್ತದೆ. ಭಾರದ ಹೊಟ್ಟು ಗೋಡೆಗೆ ತಾಗಿ ಡ್ರಮ್ಮಿಗೆ ಜಾರುತ್ತದೆ. ಹಗುರಾದ ಗಾಳಿ ಕೋನ್‌ನ ಬುಡದಲ್ಲಿ ತಿರುಗಿ, ನಡುವಿನಿಂದ ಮೇಲೇರಿ ಹೊರಗೆ ಹೋಗುತ್ತದೆ. ಅಂದರೆ ಸೈಕ್ಲೋನ್ ತಾನಾಗಿ ಏನನ್ನೂ ಎಳೆಯುವುದಿಲ್ಲ. ಫ್ಯಾನ್ ಕೊಟ್ಟ ಎಳೆತದಲ್ಲಿ ಒಂದು ಪಾಲನ್ನು ತಾನೇ ನುಂಗುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಅರ್ಧ ದೋಷ ಕೂತಲ್ಲೇ ಗೊತ್ತಾಗುತ್ತದೆ.

ಕೈ ಹಾಕುವ ಮೊದಲು

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡಿ. ಆಫ್ ಆದ ಮೇಲೂ ಬ್ಲೋವರ್‌ನ ಫ್ಯಾನ್ ಸುಮಾರು ಹೊತ್ತು ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಲ್ಲುವ ತನಕ ಬಾಯಿಗೆ ಕೈ ಹಾಕಬೇಡಿ. ಡ್ರಮ್ ಖಾಲಿ ಮಾಡುವಾಗ, ಫಿಲ್ಟರ್ ಕೊಡವುವಾಗ ಎನ್95 ಮಾಸ್ಕ್ ಇರಲಿ. ಆ ದಿನದ ಅತಿ ಹೆಚ್ಚು ಧೂಳು ನಾವು ಕುಡಿಯುವುದು ಆ ಐದು ನಿಮಿಷದಲ್ಲೇ.

"ಡ್ರಮ್‌ನಲ್ಲಿ ಏನೂ ಬೀಳಲ್ಲ, ಎಲ್ಲ ಫಿಲ್ಟರ್‌ಗೇ ಹೋಗುತ್ತೆ"

ಜನ ಅತಿ ಜಾಸ್ತಿ ಹೇಳುವ ದೂರು ಇದು. ಹತ್ತರಲ್ಲಿ ಎಂಟು ಸಲ ಬಿಡಿಕಾಸು ಖರ್ಚಿಲ್ಲದೆ ಸರಿಹೋಗುವ ದೋಷವೂ ಇದೇ.

ಮೊದಲು ಪೈಪ್ ನೋಡಿ. ಯಂತ್ರದಿಂದ ಬರುವ ಪೈಪ್ ಸೈಕ್ಲೋನ್‌ನ ಪಕ್ಕದ ಬಾಯಿಗೆ ಸೇರಬೇಕು. ತಲೆಯ ಮೇಲಿನ ಬಾಯಿಯಿಂದ ವ್ಯಾಕ್ಯೂಮ್‌ಗೆ ಹೋಗಬೇಕು. ನಗಬೇಡಿ, ಅದಲು ಬದಲಾಗಿರುವುದನ್ನು ನಾನು ಮೂರು ಮನೆಯಲ್ಲಿ ನೋಡಿದ್ದೇನೆ. ಹೊಸ ಸೈಕ್ಲೋನ್ ಬಂದ ಖುಷಿಯಲ್ಲಿ ಸಿಕ್ಕ ಬಾಯಿಗೆ ಸಿಕ್ಕ ಪೈಪ್ ತುರುಕಿರುತ್ತೇವೆ. ಒಬ್ಬ ಗೆಳೆಯ ಅಂಗಡಿಗೆ ವಾಪಸ್ ಕೊಡಲು ಡಬ್ಬದಲ್ಲಿ ಪ್ಯಾಕ್ ಮಾಡಿದ್ದ, ಆಮೇಲೆ ಗೊತ್ತಾಯಿತು.

ಎರಡನೆಯದು, ಡ್ರಮ್ ತುಂಬಿದೆಯಾ? ಒಳಗಿನ ಸುಳಿ ಕೋನ್‌ನ ಬುಡದಲ್ಲೇ ಮುಗಿಯುವುದಿಲ್ಲ, ಸ್ವಲ್ಪ ಡ್ರಮ್ ಒಳಕ್ಕೂ ಇಳಿದಿರುತ್ತದೆ. ಹೊಟ್ಟು ಅದರ ಎತ್ತರಕ್ಕೆ ಬಂದ ಕೂಡಲೇ ಸುಳಿ ಅದನ್ನು ಎತ್ತಿ ಮೇಲಕ್ಕೆ ಒಯ್ಯುತ್ತದೆ. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ಥಿಕ್ನೆಸರ್ ಇದ್ದರೆ ಲೆಕ್ಕ ತಪ್ಪುವುದು ಸುಲಭ. 20 ಸೆಂಟಿಮೀಟರ್ ಅಗಲ, 2 ಮೀಟರ್ ಉದ್ದದ ಹಲಗೆಯಲ್ಲಿ 1 ಮಿಮೀ ಕೆತ್ತಿದರೆ 0.4 ಲೀಟರ್ ಗಟ್ಟಿ ಮರ ಬರುತ್ತದೆ. ಹತ್ತು ಸಲ ಓಡಿಸಿದರೆ 4 ಲೀಟರ್. ಅದು ಸುರುಳಿ ಚಕ್ಕೆಯಾಗಿ ಬರೀ ಐದು ಪಟ್ಟು ಉಬ್ಬಿದರೂ 20 ಲೀಟರ್ ಬಕೆಟ್ ಭರ್ತಿ. ಒಂದು ಹಲಗೆ, ಒಂದು ಬಕೆಟ್! ಸ್ಯಾಂಡರ್‌ಗೆ ಅದೇ ಬಕೆಟ್ ತಿಂಗಳುಗಟ್ಟಲೆ ಸಾಕು.

ಮೂರನೆಯದೇ ನಿಜವಾದ ಕಳ್ಳ: ಡ್ರಮ್‌ನ ಮುಚ್ಚಳದಲ್ಲಿ ಸೋರಿಕೆ. ಸುಳಿಯ ನಡುಭಾಗದಲ್ಲಿ ಒತ್ತಡ ತುಂಬಾ ಕಡಿಮೆ. ಕೆಳಗೆ ಎಲ್ಲಾದರೂ ಕೂದಲೆಳೆಯಷ್ಟು ಸಂದು ಸಿಕ್ಕರೂ ಹೊರಗಿನ ಗಾಳಿ ಅಲ್ಲಿಂದ ನುಗ್ಗಿ, ಕಾರಂಜಿಯ ಹಾಗೆ ಕೋನ್ ಒಳಗೆ ಮೇಲೇರುತ್ತದೆ. ಕೆಳಗೆ ಬೀಳಬೇಕಾದ ಹೊಟ್ಟನ್ನು ಎತ್ತಿಕೊಂಡು ಹೋಗುತ್ತದೆ. ಯಂತ್ರದ ಹತ್ತಿರದ ಪೈಪ್‌ನಲ್ಲಿ ಇದಕ್ಕಿಂತ ದೊಡ್ಡ ತೂತು ಇದ್ದರೂ ಸ್ವಲ್ಪ ಎಳೆತ ಕಡಿಮೆಯಾಗಬಹುದು, ಅಷ್ಟೇ. ಡ್ರಮ್ ಕಡೆಯ ತೂತು ಮಾತ್ರ ಸೈಕ್ಲೋನನ್ನೇ ಬರೀ ಪೈಪ್ ಮಾಡಿಬಿಡುತ್ತದೆ.

ಸೋರಿಕೆ ಹುಡುಕಲು ನಾನು ಮೊದಲ ಸಲ ಊದುಬತ್ತಿ ಹಚ್ಚಿದೆ. ಹೊಗೆ ಎಲ್ಲಿ ಒಳಗೆ ಹೋಗುತ್ತದೆ ನೋಡೋಣ ಅಂತ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಹೊಗೆ ಹೋದ ದಾರಿಯಲ್ಲಿ ಕಿಡಿ ಹೋಗಲ್ವಾ?" ಎಂದಳು. ಸರಿಯಾದ ಮಾತು. ಬೆಂಕಿ ಬೇಡವೇ ಬೇಡ. ಒಂದು ಗೇಣು ಹೊಲಿಗೆ ದಾರ ತೆಗೆದುಕೊಳ್ಳಿ. ಮಷೀನ್ ಓಡಿಸಿ, ಪೈಪ್‌ನ ಬಾಯಿಯನ್ನು ಕ್ಷಣಕಾಲ ಅರ್ಧ ಮುಚ್ಚಿ, ದಾರವನ್ನು ಮುಚ್ಚಳದ ಅಂಚಿನ ಸುತ್ತ, ಕೋನ್ ಸೇರುವ ಜಾಗದ ಸುತ್ತ ನಿಧಾನಕ್ಕೆ ಆಡಿಸಿ. ಸೋರಿಕೆ ಇರುವ ಕಡೆ ದಾರದ ತುದಿ ಒಳಕ್ಕೆ ಬಾಗಿ ಅಂಟಿಕೊಳ್ಳುತ್ತದೆ. ಕಿವಿಗೂ ಸಣ್ಣ ಸೀಟಿ ಕೇಳಿಸುತ್ತದೆ.

ಮುಚ್ಚಳಕ್ಕೆ ಬಾಗಿಲಿಗೆ ಅಂಟಿಸುವ ಸ್ಪಂಜಿನ ಟೇಪ್ ಸಾಕು. ನಾನು ಹಾಕಿರುವುದು ಹಳೇ ಸ್ಕೂಟರ್ ಟ್ಯೂಬಿನ ಉಂಗುರ, ನಾಲ್ಕು ವರ್ಷವಾಯಿತು. ಅಲ್ಲಾಡದ ಜೋಡಣೆಗಳಿಗೆ ಸಿಲಿಕೋನ್ ಅಥವಾ ಎಂ-ಸೀಲ್. ಬೋಲ್ಟ್ ತೂತುಗಳನ್ನೂ ಮರೆಯಬೇಡಿ. ನನ್ನ ಸೋರಿಕೆ ಇದ್ದದ್ದು ಮುಚ್ಚಳದಲ್ಲಲ್ಲ. ಹಳೇ ಪೇಂಟ್ ಬಕೆಟಿನ ಹಿಡಿ ಕೂರಿಸಿದ್ದ ಜಾಗದಲ್ಲಿ ಕೂದಲಿನಂಥ ಒಂದು ಬಿರುಕು.

ಇಷ್ಟಾದ ಮೇಲೂ ಫಿಲ್ಟರ್‌ಗೆ ಸ್ವಲ್ಪ ಹಿಟ್ಟಿನಂಥ ಧೂಳು ಬಂದರೆ ಅದು ದೋಷವಲ್ಲ. ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ) ಕತ್ತರಿಸಿದರೆ, ನುಣ್ಣನೆ ಸ್ಯಾಂಡಿಂಗ್ ಮಾಡಿದರೆ ಬಂದೇ ಬರುತ್ತದೆ. ಚಕ್ಕೆ ಬಂದರೆ ಮಾತ್ರ ಚಿಂತಿಸಿ.

"ಮೊದಲು ಚೆನ್ನಾಗಿತ್ತು, ಈಗ ಎಳೆತವೇ ಇಲ್ಲ"

ಇಲ್ಲಿ ಊಹೆ ಮಾಡಿ ಸಮಯ ಹಾಳು ಮಾಡುವ ಬದಲು ಅಳೆದುಬಿಡಿ. ಮನೆ ಕಟ್ಟುವ ಮೇಸ್ತ್ರಿ ಲೆವೆಲ್ ನೋಡುವ ಪಾರದರ್ಶಕ ಪೈಪ್ ಗೊತ್ತಲ್ವಾ? ಅದರ ಎರಡು ಮೀಟರ್ ತುಂಡು ಸಾಕು. ಒಂದು ಹಲಗೆಗೆ 'ಯು' ಆಕಾರದಲ್ಲಿ ಬಡಿದು, ಅರ್ಧಕ್ಕೆ ನೀರು ತುಂಬಿಸಿ. ಸೈಕ್ಲೋನ್‌ಗೆ ಹೋಗುವ ಪೈಪ್‌ನಲ್ಲಿ, ಸೈಕ್ಲೋನ್‌ಗಿಂತ ಸ್ವಲ್ಪ ಮೊದಲು, ಒಂದು ಸಣ್ಣ ತೂತು ಕೊರೆದು ಒಂದು ತುದಿಯನ್ನು ಅದಕ್ಕೆ ಬಿಗಿಯಾಗಿ ಸಿಗಿಸಿ. ಇನ್ನೊಂದು ತುದಿ ತೆರೆದಿರಲಿ. ಬ್ಲೋವರ್ ಓಡಿದಾಗ ಒಂದು ಕಡೆ ನೀರು ಏರುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಎರಡರ ನಡುವಿನ ಎತ್ತರ ಎಷ್ಟು ಇಂಚು, ಅಷ್ಟು ನಿಮ್ಮ ಎಳೆತ. ಮನೆಗೆ ಸಿಗುವ 2 ಎಚ್‌ಪಿ ಬ್ಲೋವರ್‌ಗಳಲ್ಲಿ ಎಲ್ಲ ಗೇಟ್ (ಪ್ರತಿ ಯಂತ್ರದ ಪೈಪ್ ಮುಚ್ಚಿ ತೆರೆಯುವ ಬಾಗಿಲು) ಮುಚ್ಚಿದಾಗ 8-10 ಇಂಚಿನ ಆಸುಪಾಸು ಬರುತ್ತದೆ. ವ್ಯಾಕ್ಯೂಮ್ ಕ್ಲೀನರ್‌ಗೆ ಮಾತ್ರ ಇದನ್ನು ಹಚ್ಚಬೇಡಿ. ಅದು ನೀರನ್ನೆಲ್ಲ ಕುಡಿದು ಮೋಟಾರ್‌ಗೆ ಒಯ್ಯುತ್ತದೆ.

ಎಲ್ಲ ಸರಿಯಿದ್ದಾಗಲೇ ಒಮ್ಮೆ ಅಳೆದು ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡಿ. ಗೇಟ್ ಎಲ್ಲ ಮುಚ್ಚಿದಾಗ ಇಷ್ಟು, ಟೇಬಲ್ ಸಾ ಗೇಟ್ ತೆರೆದಾಗ ಇಷ್ಟು. ಮುಂದೆ ತೊಂದರೆ ಬಂದ ದಿನ ಈ ಎರಡು ಅಂಕಿಗಳೇ ಮಾತಾಡುತ್ತವೆ.

ಗೇಟ್ ತೆರೆದಾಗ ಅಂಕಿ ಹಿಂದಿಗಿಂತ ಜಾಸ್ತಿ ಬಂತು, ಆದರೆ ಯಂತ್ರದ ಹತ್ತಿರ ಎಳೆತ ಇಲ್ಲ ಅಂದರೆ ಯಂತ್ರದಿಂದ ಆ ತೂತಿನ ತನಕದ ಪೈಪ್ ಎಲ್ಲೋ ಕಟ್ಟಿದೆ. ಮುಚ್ಚಿದಾಗ ಅಂಕಿ ಸರಿ, ತೆರೆದಾಗ ಹಿಂದಿಗಿಂತ ಕಡಿಮೆ ಅಂದರೆ ತೂತಿನಿಂದ ಮುಂದೆ, ಅಂದರೆ ಸೈಕ್ಲೋನ್ ಅಥವಾ ಫಿಲ್ಟರ್ ಕಟ್ಟಿದೆ. ಮುಚ್ಚಿದಾಗಲೇ ಕಡಿಮೆ ಅಂದರೆ ಸೋರಿಕೆ, ಇಲ್ಲವೇ ಫ್ಯಾನ್‌ನದೇ ತಕರಾರು.

ಪೈಪ್ ಕಟ್ಟುವುದು ಸಾಮಾನ್ಯವಾಗಿ ಎಲ್ಬೋದಲ್ಲಿ, ಇಲ್ಲವೇ ಜೋತುಬಿದ್ದ ಸುಕ್ಕುಸುಕ್ಕು ಹೋಸ್‌ನಲ್ಲಿ. ಆ ಹೋಸ್ ನಯವಾದ ಪೈಪ್‌ಗಿಂತ ಎರಡು-ಮೂರು ಪಟ್ಟು ಗಾಳಿಯನ್ನು ತಡೆಯುತ್ತದೆ. ಎಷ್ಟು ಬೇಕೋ ಅಷ್ಟೇ ಇರಲಿ. 110 ಮಿಮೀ ಡ್ರೈನೇಜ್ ಪೈಪ್ ಹಾಕಿದ್ದರೆ ಡೋರ್ ಬೆಂಡ್ ಸಿಗುತ್ತದೆ, ಬಿಚ್ಚಿ ಕ್ಲೀನ್ ಮಾಡಲು ಮುಚ್ಚಳ ಇರುವಂಥದ್ದು. ಪ್ಲಂಬರ್‌ಗಳು ಕಕ್ಕಸಿನ ಲೈನಿಗೆ ಬಳಸುವ ಅದೇ ಬೆಂಡ್ ನಮಗೂ ವರ. ಅದರ ರಬ್ಬರ್ ಸರಿಯಾಗಿ ಕೂತಿದೆಯಾ ಅಂತ ಮಾತ್ರ ನೋಡಿ.

ಮಳೆಗಾಲದ್ದೇ ಬೇರೆ ಕಥೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಉಪ್ಪಿನ ಡಬ್ಬವೇ ನೀರು ಬಿಡುತ್ತದೆ. ಹೊಟ್ಟು ಸುಮ್ನೆ ಇರುತ್ತದಾ? ಪೂರ್ತಿ ಒಣಗದ ಸಿಲ್ವರ್ ಓಕ್ ಅಥವಾ ಅಕೇಶಿಯಾ ಕೆತ್ತಿದರೆ ನಾರುನಾರಾದ ಚಕ್ಕೆ ಬಂದು, ಕೋನ್‌ನ ಬುಡದಲ್ಲಿ ಹಕ್ಕಿ ಗೂಡು ಕಟ್ಟಿದ ಹಾಗೆ ಹೆಣೆದುಕೊಳ್ಳುತ್ತದೆ. ಡ್ರಮ್ ಬಿಚ್ಚಿ, ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಕೋನ್ ಒಳಗೆ ಹುಡಿ ಪದರ ಕಟ್ಟಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ.

ಫಿಲ್ಟರ್ ಕೊಡವುವುದಾದರೆ ಅಂಗಳದಲ್ಲಿ, ಗಾಳಿಗೆ ಬೆನ್ನು ಹಾಕಿ. ಮಡಿಕೆ ಮಡಿಕೆಯ ಫಿಲ್ಟರ್ ಆದರೆ ಹೊರಗಿನಿಂದ ಕೈಯಲ್ಲಿ ತಟ್ಟಿ. ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಬಿಟ್ಟರೆ ಕಾಗದ ಹರಿಯುತ್ತದೆ, ಹರಿದದ್ದು ಕಣ್ಣಿಗೂ ಕಾಣುವುದಿಲ್ಲ.

"ಮೋಟಾರ್ ರಿಪೇರಿ ಆಗಿ ಬಂದಮೇಲೆ ಎಳೆತ ಅರ್ಧಕ್ಕರ್ಧ ಕಮ್ಮಿ"

ಇದು ನನಗೇ ಆದದ್ದು. ಕಾಯಿಲ್ ಸುಟ್ಟುಹೋಗಿತ್ತು, ರಿವೈಂಡ್ ಮಾಡಿಸಿ ತಂದೆ. ಮೋಟಾರ್ ಚೆನ್ನಾಗಿ ಓಡುತ್ತಿತ್ತು, ಸದ್ದೂ ಸರಿ. ಆದರೆ ಎಳೆತ ಸಪ್ಪೆ. ಎರಡು ದಿನ ಸೋರಿಕೆ ಹುಡುಕಿದೆ. ಕೊನೆಗೆ ನೋಡಿದರೆ ಫ್ಯಾನ್ ಉಲ್ಟಾ ತಿರುಗುತ್ತಿತ್ತು.

ಈ ಬಗೆಯ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿ ಉಲ್ಟಾ ಹೋಗುವುದಿಲ್ಲ. ಅದೇ ದಿಕ್ಕಿನಲ್ಲೇ ಹೋಗುತ್ತದೆ, ಆದರೆ ತುಂಬಾ ಬಲಹೀನವಾಗಿ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಸ್ವಿಚ್ ಆಫ್ ಮಾಡಿ, ಮೋಟಾರ್ ನಿಲ್ಲುತ್ತಾ ಬರುವಾಗ ಅದರ ಹಿಂದಿನ ಕೂಲಿಂಗ್ ಫ್ಯಾನ್ ಯಾವ ಕಡೆ ತಿರುಗುತ್ತಿದೆ ನೋಡಿ, ಬಾಡಿಯ ಮೇಲಿನ ಬಾಣದ ಗುರುತಿಗೆ ಹೋಲಿಸಿ. ತ್ರೀ ಫೇಸ್ ಆದರೆ ಯಾವುದಾದರೂ ಎರಡು ಫೇಸ್ ಅದಲು ಬದಲು ಮಾಡಿದರೆ ಸರಿ. ಸಿಂಗಲ್ ಫೇಸ್‌ನಲ್ಲಿ ಸ್ಟಾರ್ಟಿಂಗ್ ವೈಂಡಿಂಗ್‌ನ ತುದಿಗಳನ್ನು ತಿರುಗಿಸಬೇಕು. ಎರಡನ್ನೂ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

"ಗುಂಯ್ ಅನ್ನುತ್ತೆ, ತಿರುಗಲ್ಲ" ಅಥವಾ "ಸ್ವಿಚ್ ಹಾಕಿದ ಕೂಡಲೇ ಟ್ರಿಪ್"

ಗುಂಯ್‌ಗುಡುತ್ತಾ ನಿಂತರೆ ತಕ್ಷಣ ಆಫ್ ಮಾಡಿ. ಸ್ವಲ್ಪ ಹೊತ್ತು ಹಾಗೆ ಬಿಟ್ಟರೂ ಕಾಯಿಲ್ ಸುಡಬಹುದು. ಪ್ಲಗ್ ಕಿತ್ತು, ಫ್ಯಾನನ್ನು ಒಂದು ಕೋಲಿನಿಂದ ತಿರುಗಿಸಿ ನೋಡಿ. ಮರದ ತುಂಡು ಸಿಕ್ಕಿಹಾಕಿಕೊಂಡಿರಬಹುದು. ಸಲೀಸಾಗಿ ತಿರುಗಿದರೆ ಕೆಪಾಸಿಟರ್ ಹೋಗಿರುವ ಸಾಧ್ಯತೆ ಹೆಚ್ಚು. ಅದು ಅಗ್ಗದ ಸಾಮಾನು. ಆದರೆ ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಅಭ್ಯಾಸ ಇಲ್ಲದವರು ಮುಟ್ಟಬೇಡಿ.

ವೋಲ್ಟೇಜ್ ಕೂಡ ನೋಡಿ. ಮೋಟಾರ್‌ನ ಬಲ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಜಾಗದಲ್ಲಿ 180 ವೋಲ್ಟ್ ಬಂದರೆ ಎದ್ದು ನಿಲ್ಲುವ ಶಕ್ತಿ ಸುಮಾರು ಶೇ. 60ಕ್ಕೆ ಬಂದುಬಿಡುತ್ತದೆ. ತೋಟಗಳಲ್ಲಿ ಪಂಪ್‌ಸೆಟ್ ಓಡುವ ಹೊತ್ತಲ್ಲಿ ನನ್ನ ಬ್ಲೋವರ್ ಏಳುವುದೇ ಇಲ್ಲ. 2 ಎಚ್‌ಪಿ ಮೋಟಾರ್ ಸುಮಾರು 10 ಆಂಪಿಯರ್ ಎಳೆಯುತ್ತದೆ, ಏಳುವಾಗ ಇನ್ನೂ ಹಲವು ಪಟ್ಟು. 16 ಆಂಪಿಯರ್ ಸಾಕೆಟ್, 2.5 ಚದರ ಮಿಮೀ ವೈರ್ ಬೇಕು. ಮಿಕ್ಸಿಗೆ ಹಾಕುವ ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಸುರುಳಿ ಸುತ್ತಿದ ವೈರ್ ಅಂತೂ ಬೇಡವೇ ಬೇಡ, ಒಳಗೊಳಗೇ ಬಿಸಿಯಾಗಿ ಕರಗುತ್ತದೆ.

ಒಂದು ವಿಚಿತ್ರ ಹೇಳುತ್ತೇನೆ. ಬ್ಲೋವರ್‌ನ ಬಾಯಿ ಕಟ್ಟಿದರೆ ಕರೆಂಟ್ ಜಾಸ್ತಿ ಎಳೆಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಗುವುದು ತದ್ವಿರುದ್ಧ. ಗಾಳಿ ಎಷ್ಟು ಧಾರಾಳವಾಗಿ ಹರಿಯುತ್ತದೋ ಮೋಟಾರ್‌ಗೆ ಅಷ್ಟು ಹೊರೆ. ಹೊಸ ಬ್ಲೋವರನ್ನು ಪೈಪ್ ಇಲ್ಲದೆ ಸುಮ್ನೆ ಓಡಿಸಿದಾಗ ಓವರ್‌ಲೋಡ್ ಟ್ರಿಪ್ ಆದರೆ ಮಷೀನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಪೈಪ್ ಸಿಗಿಸಿ ನೋಡಿ. ಇನ್ನು ವ್ಯಾಕ್ಯೂಮ್ ಕ್ಲೀನರ್‌ನ ದನಿ ಕೀಚಲಾಯಿತು ಅಂದರೆ ಎಲ್ಲೋ ಕಟ್ಟಿದೆ ಅಂತ ಅರ್ಥ. ಹೊರೆ ಕಡಿಮೆಯಾಗಿ ಮೋಟಾರ್ ಜೋರಾಗಿ ತಿರುಗುತ್ತಿರುತ್ತದೆ. ಕೆಲವು ಮಾದರಿಗಳಲ್ಲಿ ಅದೇ ಗಾಳಿ ಮೋಟಾರನ್ನು ತಂಪು ಮಾಡಬೇಕು. ಹಾಗಾಗಿ ಆ ದನಿ ಕೇಳಿದ ಮೇಲೆ ಓಡಿಸುತ್ತಾ ಕೂರಬೇಡಿ.

ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತಿದ್ದರೆ ಅದು ಓವರ್‌ಲೋಡ್ ಅಲ್ಲ, ಕರೆಂಟ್ ಎಲ್ಲೋ ಸೋರುತ್ತಿದೆ. ಮತ್ತೆ ಮತ್ತೆ ಎತ್ತಿ ಹಾಕಿ ನೋಡಬೇಡಿ. ಇಲ್ಲಿಗೆ ನಮ್ಮ ಕೆಲಸ ಮುಗಿಯಿತು, ಎಲೆಕ್ಟ್ರಿಷಿಯನ್ ಕರೆಸಿ. ಫ್ಯಾನ್ ಒಮ್ಮೆಲೇ ಗಡಗಡ ನಡುಗಲು ಶುರು ಮಾಡಿದರೂ ಅಷ್ಟೇ. ಒಂದು ರೆಕ್ಕೆ ಮುರಿದಿರಬಹುದು. ಎದುರಿಗೆ ನಿಲ್ಲದೆ ಮೇನ್‌ನಿಂದಲೇ ಆಫ್ ಮಾಡಿ.

"ಬಕೆಟ್ ಚಪ್ಪಟೆಯಾಯಿತು"

ವ್ಯಾಕ್ಯೂಮ್ ಜೊತೆಗಿನ ಚಿಕ್ಕ ಸೈಕ್ಲೋನ್‌ನಲ್ಲಿ ಸಾಮಾನ್ಯವಾಗಿ ಹೀಗಾಗುತ್ತದೆ. ಪೈಪ್ ಕಟ್ಟಿದ ಕ್ಷಣ ವ್ಯಾಕ್ಯೂಮ್‌ನ ಪೂರ್ತಿ ಬಲ ಬಕೆಟ್ ಮೇಲೆ ಬೀಳುತ್ತದೆ. ನನ್ನದರ ಲೇಬಲ್ ಮೇಲೆ 18 ಕಿಲೋಪ್ಯಾಸ್ಕಲ್ ಅಂತಿದೆ. 30 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಅದು ಸುಮಾರು 130 ಕೆಜಿ ಭಾರ ಇಟ್ಟ ಹಾಗೆ. ಇಬ್ಬರು ಹತ್ತಿ ನಿಂತಂತೆ ಅಲ್ವಾ? ಒಂದರೊಳಗೆ ಒಂದು, ಎರಡು ಬಕೆಟ್ ಹಾಕಿ, ಅಥವಾ ಒಳಗೆ ಪ್ಲೈವುಡ್ ಉಂಗುರ ಕೂರಿಸಿ. ಒಮ್ಮೆ ಚಪ್ಪಟೆಯಾದ ಬಕೆಟ್ ಬಿಸಾಡಿ, ಬಿಸಿನೀರು ಹಾಕಿ ಉಬ್ಬಿಸಿದರೂ ಅದರ ಮುಚ್ಚಳ ಸೋರುತ್ತದೆ.

"ಮುಟ್ಟಿದರೆ ಚಟ್ ಅಂತ ಹೊಡೆಯುತ್ತೆ"

ಒಣಹವೆಯ ದಿನ ಪ್ಲಾಸ್ಟಿಕ್ ಪೈಪ್‌ನಲ್ಲಿ ಹೊಟ್ಟು ಓಡಿದರೆ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಕಂಬಳಿ ಕೊಡವಿದಾಗ ಚಟಪಟ ಅನ್ನುವುದಿಲ್ಲವೇ, ಅದೇ. ಹೋಸ್ ಒಳಗಿನ ಸುರುಳಿ ತಂತಿಯ ತುದಿ ಬಿಡಿಸಿ ಅರ್ಥಿಂಗ್‌ಗೆ ಜೋಡಿಸಿದರೆ ಬಹಳಷ್ಟು ಕಮ್ಮಿಯಾಗುತ್ತದೆ. ಬ್ಲೋವರ್ ಬಾಡಿ ಮುಟ್ಟಿದಾಗ ಜುಮ್ ಎಂದು ಹಿಡಿದುಕೊಂಡರೆ ಅದು ಸ್ಥಿರ ವಿದ್ಯುತ್ ಅಲ್ಲ, ಅರ್ಥಿಂಗ್ ಹೋಗಿದೆ. ಆ ಕ್ಷಣವೇ ನಿಲ್ಲಿಸಿ.

"ಸುಟ್ಟ ವಾಸನೆ"

ಮೋಟಾರ್ ಕಡೆಯಿಂದ ಬಂದರೆ ಪ್ಲಗ್ ಕಿತ್ತು ವೈಂಡಿಂಗ್ ಅಂಗಡಿಗೆ ಒಯ್ಯಿರಿ. ಡ್ರಮ್ ಕಡೆಯಿಂದ ಬಂದರೆ ಬ್ಲೋವರ್ ಮೊದಲು ಆಫ್ ಮಾಡಿ, ಗಾಳಿ ಸಿಕ್ಕರೆ ಕೆಂಡ ಉರಿಯುತ್ತದೆ. ಡ್ರಮ್ ಮುಚ್ಚಿದ ಹಾಗೇ ಇರಲಿ. ಹೊಗೆ ಕಂಡರೆ ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಹಳೇ ಮರದ ಮೊಳೆಗೆ ಬ್ಲೇಡ್ ತಾಗಿ ಹಾರಿದ ಒಂದು ಕಿಡಿ ಹೊಟ್ಟಿನೊಳಗೆ ಗಂಟೆಗಟ್ಟಲೆ ಹೊಗೆಯಾಡುತ್ತಾ ಕೂರಬಲ್ಲದು. ಅದಕ್ಕೇ ಸಂಜೆ ಕೆಲಸ ಮುಗಿದ ಮೇಲೆ ಡ್ರಮ್ ಹೊರಗಿಡುತ್ತೇನೆ. ಅದೇ ಪೈಪ್‌ಗೆ ಕಬ್ಬಿಣದ ಗ್ರೈಂಡರ್ ಜೋಡಿಸಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಡ್ರಮ್ಮಿಗೆ ಹಾಕಬೇಡಿ, ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಮರದ ಹೊಟ್ಟನ್ನು ಬಚ್ಚಲೊಲೆಗೆ ಬಳಸುವವರು ನುಣ್ಣನೆ ಹುಡಿಯನ್ನು ಉರಿಯ ಮೇಲೆ ಎರಚಬೇಡಿ. ಭಗ್ಗನೆ ಮುಖಕ್ಕೇ ಬರುತ್ತದೆ. ಪ್ಲೈವುಡ್, ಎಂಡಿಎಫ್ ಹುಡಿ ಒಲೆಗೂ ಬೇಡ, ಗೊಬ್ಬರಕ್ಕೂ ಬೇಡ. ಅದರಲ್ಲಿ ಅಂಟು ಇರುತ್ತದೆ.

"ನೆಲ ಚೊಕ್ಕ ಇದೆ, ಆದರೂ ಮೂಗು ಕಟ್ಟುತ್ತೆ"

ಇದು ಎಲ್ಲಕ್ಕಿಂತ ಮೋಸದ ಲಕ್ಷಣ. ಕಣ್ಣಿಗೆ ಕಾಣುವ ಹೊಟ್ಟು ಶ್ವಾಸಕೋಶದ ಆಳಕ್ಕೆ ಇಳಿಯುವುದಿಲ್ಲ. ಇಳಿಯುವುದು 10 ಮೈಕ್ರಾನ್‌ಗಿಂತ ಸಣ್ಣ ಧೂಳು (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಮೀ), ಅದು ಬರಿಗಣ್ಣಿಗೆ ಕಾಣುವುದಿಲ್ಲ. ಅಗ್ಗದ ಬ್ಲೋವರ್ ಜೊತೆ ಬರುವ 30 ಮೈಕ್ರಾನ್ ಬಟ್ಟೆ ಚೀಲ ಅದನ್ನು ಹಿಡಿಯುವುದಿಲ್ಲ, ಗಾಳಿಯಲ್ಲಿ ಚೆನ್ನಾಗಿ ಹರಡುತ್ತದೆ. ಬಿಸಿಲು ಕೋಲು ಬೀಳುವ ಹೊತ್ತಲ್ಲಿ ಚೀಲವನ್ನು ಒಮ್ಮೆ ತಟ್ಟಿ ನೋಡಿ, ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. 1 ಮೈಕ್ರಾನ್ ಅಥವಾ ಅದಕ್ಕೂ ನಯವಾದ ಫಿಲ್ಟರ್ ಹಾಕಿ. ಜಾಗ ಇದ್ದರೆ ಗಾಳಿಯನ್ನು ಪೈಪ್‌ನಲ್ಲಿ ಹೊರಗೇ ಬಿಟ್ಟುಬಿಡಿ, ಪಕ್ಕದ ಮನೆಯ ಕಿಟಕಿಗಲ್ಲ. ಬೀಟೆ, ತೇಗ ಕೆಲವರ ಮೈಗೆ ಒಗ್ಗುವುದಿಲ್ಲ. ತುರಿಕೆ, ಉಬ್ಬಸ, ರಾತ್ರಿ ಕೆಮ್ಮು, ಮೂಗಿನಲ್ಲಿ ರಕ್ತ ಕಂಡರೆ ಫಿಲ್ಟರ್ ಬದಲಿಸುತ್ತಾ ಕೂರದೆ ಡಾಕ್ಟರ್ ಹತ್ತಿರ ಹೋಗಿ, ಯಾವ ಮರದ ಕೆಲಸ ಮಾಡುತ್ತಿದ್ದಿರಿ ಅಂತಲೂ ಹೇಳಿ.

ಎಲ್ಲ ಸರಿಯಿದೆ, ಆದರೂ ಸಾಲದು ಅಂದರೆ

ಆಗ ದೋಷ ಯಂತ್ರದಲ್ಲಿಲ್ಲ, ಜೋಡಿಯಲ್ಲಿದೆ. ವ್ಯಾಕ್ಯೂಮ್‌ಗೆ ಎಳೆತ ಜಾಸ್ತಿ, ಗಾಳಿ ಕಡಿಮೆ. ಬ್ಲೋವರ್‌ಗೆ ಗಾಳಿ ಜಾಸ್ತಿ, ಎಳೆತ ಕಡಿಮೆ. ಪೈಪ್‌ನಲ್ಲಿ ಚಕ್ಕೆ ಕೂರದೆ ಓಡಬೇಕಾದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್ ಇರಬೇಕು. 110 ಮಿಮೀ ಪೈಪ್‌ನಲ್ಲಿ ಆ ವೇಗಕ್ಕೆ ಸುಮಾರು 350 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ) ಬೇಕು, 160 ಮಿಮೀ ಪೈಪ್‌ಗೆ ಸುಮಾರು 770. ನನ್ನ ವ್ಯಾಕ್ಯೂಮ್ ಕೊಡುವುದು ಹೆಚ್ಚೆಂದರೆ ಸೆಕೆಂಡಿಗೆ 60 ಲೀಟರ್, ಅಂದರೆ 127 ಸಿಎಫ್‌ಎಂ. ಅದನ್ನು 110 ಮಿಮೀ ಪೈಪ್‌ಗೆ ಜೋಡಿಸಿದರೆ ವೇಗ 7 ಮೀಟರ್‌ಗೆ ಇಳಿದು, ಚಕ್ಕೆ ದಾರಿಯಲ್ಲೇ ಮಲಗುತ್ತದೆ. ದೊಡ್ಡ ಪೈಪ್ ಯಾವಾಗಲೂ ಒಳ್ಳೆಯದು ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಹಾಗಾಗಿ ಸ್ಯಾಂಡರ್, ರೌಟರ್, ಕೈ ಗರಗಸದ ಮಷೀನ್ ಮಾತ್ರ ಇದ್ದರೆ ವ್ಯಾಕ್ಯೂಮ್, ಚಿಕ್ಕ ಸೈಕ್ಲೋನ್, 35 ಮಿಮೀ ಹೋಸ್ ಸಾಕು. ಟೇಬಲ್ ಸಾ, ಥಿಕ್ನೆಸರ್ ಬಂದರೆ ಬ್ಲೋವರ್ ಬೇಕೇ ಬೇಕು. ಆದರೆ 1 ಎಚ್‌ಪಿ ಬ್ಲೋವರ್‌ಗೆ ಸೈಕ್ಲೋನ್ ಹಾಕಲು ಹೋಗಬೇಡಿ. ಸೈಕ್ಲೋನ್ ಒಂದೇ ಎರಡು-ಮೂರು ಇಂಚು ಎಳೆತ ನುಂಗುತ್ತದೆ, ಪೈಪ್‌ಗೆ ಉಳಿಯುವುದು ಅಷ್ಟಕ್ಕಷ್ಟೇ. ಅಂಥವರು ಬ್ಲೋವರನ್ನು ಥಿಕ್ನೆಸರ್ ಪಕ್ಕಕ್ಕೇ ಉರುಳಿಸಿ, ಒಂದು ಮೀಟರ್ ಹೋಸ್‌ನಲ್ಲಿ ನೇರ ಜೋಡಿಸಿ, ದೊಡ್ಡ ಚೀಲ ಕಟ್ಟಿಕೊಳ್ಳಲಿ. ಅಂಗಡಿಯಲ್ಲಿ ಎಚ್‌ಪಿ ಎಷ್ಟು ಅಂತ ಕೇಳಿ ವಾಪಸ್ ಬರಬೇಡಿ. ಫ್ಯಾನ್‌ನ ವ್ಯಾಸ ಎಷ್ಟು, ಸಿಎಫ್‌ಎಂ ಅಳೆದದ್ದು ಫಿಲ್ಟರ್ ಮತ್ತು ಪೈಪ್ ಹಾಕಿಯೋ ಬರಿಬಾಯಿಯಲ್ಲೋ ಅಂತಲೂ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ, ಅಲ್ಲೇ ಓಡಿಸಲು ಹೇಳಿ, ನಿಮ್ಮ ಲೆವೆಲ್ ಪೈಪ್ ಹೊರಗೆ ತೆಗೆಯಿರಿ.